ಬೂದಿ ಬಣ್ಣದ ಮೋಡ

ರಮ್ಝಾನಿನ ಮೊದಲ ಚಂದ್ರನನ್ನು ನೋಡಿ ಹೇಳುವುದು ಗುರುವಾಯನಕೆರೆಯ ಹತ್ತಿರದ ನಮ್ಮ ಸಣ್ಣ ಮಸೀದಿಯಲ್ಲಿ ಬಹುಕಾಲ ನನ್ನ ಪಾಲಿಗೆ ಬಂದ ಕೆಲಸ. ಶಾಲೆಗೆ ಹೆಚ್ಚು ಹೋದವನಲ್ಲ, ಕಣ್ಣು ಚೆನ್ನಾಗಿತ್ತು. ಕಂಡರೆ ಕಂಡೆ ಎನ್ನಬೇಕು, ಕಾಣದಿದ್ದರೆ ಇಲ್ಲ ಎನ್ನಬೇಕು. ಆ ಮಾತಿನ ಮೇಲೆ ಉಸ್ತಾದರು ಮರುದಿನದ ಉಪವಾಸ ಸಾರುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ, ರಮ್ಝಾನ್ ಚಳಿಗಾಲಕ್ಕೆ ಬಿದ್ದಿದ್ದ ಒಂದು ವರ್ಷ, ನನ್ನ ತಂಗಿಯ ಮಗ ಅಝೀಮ್ ದುಬೈಯಿಂದ ದುರ್ಬೀನು ತಂದ. ಅದರ ಪೆಟ್ಟಿಗೆಯ ಮೇಲೆ ಆಕಾಶದ ಚಿತ್ರ: ನಕ್ಷತ್ರಗಳ ನಡುವೆ ಕೆಂಪು, ನೀಲಿ, ನೇರಳೆ ಮೋಡ, ಮದುಮಗಳ ಸೀರೆಯ ಹಾಗೆ. ಚಂದ್ರ ನೋಡುವ ಹಿಂದಿನ ದಿನ, ರಾತ್ರಿಯ ಇಶಾ ನಮಾಝಿನ ನಂತರ, ತಾರಸಿಯಲ್ಲಿ ಅದನ್ನು ನಿಲ್ಲಿಸಿ, ಪೂರ್ವದಲ್ಲಿ ಸಾಲಾಗಿರುವ ಮೂರು ನಕ್ಷತ್ರಗಳ ಪಕ್ಕಕ್ಕೆ ತಿರುಗಿಸಿದ.

"ಇದೇ ಆ ಮೋಡ. ಒಬ್ಬೊಬ್ಬರೇ ನೋಡಿ."

ಪಕ್ಕದ ಅಂಗಡಿಯ ಮಜೀದ್ ಮೊದಲು ನೋಡಿದ. "ಅಬ್ಬಬ್ಬ, ಎಂಥ ಕೆಂಪು ಮಾರಾಯ!"

"ನೀಲಿ ಸಹ ಉಂಟು" ಎಂದಳು ಅಝೀಮನ ಹೆಂಡತಿ ಸಜ್ನಾ.

ನಾನು ಬಗ್ಗಿದೆ. ಕನ್ನಡಿಗೆ ಉಸಿರು ಬಿಟ್ಟ ಹಾಗೆ ಒಂದು ಮಸುಕು, ಅಷ್ಟೆ. ತೆಳ್ಳಗಿನ ಚಂದ್ರನನ್ನು ಹುಡುಕುವಾಗ ನೇರ ದಿಟ್ಟಿಸದೆ ಸ್ವಲ್ಪ ಬದಿಗೆ ನೋಡುವುದು ನನ್ನ ಅಭ್ಯಾಸ. ಹಾಗೆ ನೋಡಿದರೆ ಮಸುಕು ರೆಕ್ಕೆ ಬಿಚ್ಚಿದ ಹಾಗೆ ಅಗಲವಾಯಿತು. ಬಣ್ಣ ಮಾತ್ರ ಬರಲಿಲ್ಲ.

"ಕೆಂಪು ಕಂಡಿತಾ ಮಾಮ?"

"ಇಲ್ಲ. ಬೂದಿ ಬಣ್ಣ."

ಅಝೀಮ್ ಮೆಲ್ಲಗೆ, "ಬಿ.ಸಿ.ರೋಡಿನಲ್ಲಿ ಕಣ್ಣಿನ ಡಾಕ್ಟ್ರು ಇದ್ದಾರೆ. ಒಮ್ಮೆ ತೋರಿಸುವ" ಎಂದ.

ಮಜೀದನಿಗೆ ನಗು. "ಆಯ್ತಲ್ಲ! ಅಬೂಬಕ್ಕರಾಕನ ಕಣ್ಣು ನಂಬಿದ್ರೆ, ನಾವು ಉಪವಾಸ ಶುರು ಮಾಡುವಾಗ ಬೇರೆ ಊರಲ್ಲೆಲ್ಲ ಉಪವಾಸ ಮುಗಿದು ಪೆರ್ನಾಲ್ ಹಬ್ಬ!"

ನಾನು ನಗಲಿಲ್ಲ. ಎಲ್ಲರಿಗೂ ಕಂಡ ಬಣ್ಣ ನನಗೆ ಕಾಣದಿದ್ದರೆ ನಾಳೆ ಯಾವ ಧೈರ್ಯದಲ್ಲಿ ಸಾಕ್ಷಿ ಹೇಳುವುದು? ಇಷ್ಟು ವರ್ಷ ಕಂಡದ್ದಾದರೂ ಚಂದ್ರನೋ, ನನ್ನ ಕಣ್ಣಿನ ಪೊರೆಯೋ?

ಮರುದಿನ ಸೂರ್ಯ ಮುಳುಗಿದ ಮೇಲೆ ಉಸ್ತಾದರು, ಅಝೀಮ್, ಮಜೀದ್, ನಾನು ಎಲ್ಲ ಮಸೀದಿಯ ಹಿಂದಿನ ಗುಡ್ಡೆಯಲ್ಲಿ ನಿಂತೆವು. ಪಡುವಣದಲ್ಲಿ ನನಗೆ ಒಂದು ಗೆರೆ ಕಂಡಿತು, ಹೋಯಿತು, ಮತ್ತೆ ಕಂಡಿತು. ಬೇರೆ ಯಾರಿಗೂ ಇಲ್ಲ.

"ಅಬೂಬಕ್ಕರಾಕ, ಕಂಡಿತಾ?" ಉಸ್ತಾದರು ಕೇಳಿದರು.

"ಕಂಡ ಹಾಗೆ ಉಂಟು ಉಸ್ತಾದ್. ಆದ್ರೆ ಈ ಸಲ ನನ್ನ ಮಾತು ಹಿಡಿಯುವುದು ಬೇಡ." ನಿನ್ನೆಯ ಸಂಗತಿ ಹೇಳಿದೆ.

ಉಸ್ತಾದರು ಅಝೀಮನ ಕಡೆ ತಿರುಗಿದರು. "ನಿನ್ನೆ ನೀನು ಕಂಡದ್ದು ಎಂಥ? ಚಂದ್ರನ ಸಾಕ್ಷಿ ಹೇಳುವ ಹಾಗೆಯೇ ಹೇಳು."

ಅಝೀಮ್ ನೆಲ ನೋಡಿದ. "ಬೂದಿಯೇ ಉಸ್ತಾದ್. ಮಜೀದಾಕ ಕೆಂಪು ಅಂದ್ರಲ್ಲ, ನನ್ನ ಕಣ್ಣಿಗೇ ಏನೋ ಆಗಿದೆ ಅಂತ ಸುಮ್ಮನಾದೆ."

"ನಾನಾ?" ಎಂದ ಮಜೀದ್. "ಅಷ್ಟು ದೂರದಿಂದ ಹೊತ್ತು ತಂದಿದ್ದೀ, ನಿನಗೆ ಬೇಜಾರಾಗ್ತದೆ ಅಂತ ಹೇಳಿದ್ದು ಮಾರಾಯ!"

"ಹಾಗಾದ್ರೆ ಆ ಚಿತ್ರ?" ಎಂದೆ.

"ಕ್ಯಾಮರಾ ತುಂಬ ಹೊತ್ತು ಬೆಳಕು ಕೂಡಿಸ್ತದಂತೆ ಮಾಮ. ಕಣ್ಣಿಗೆ ಅದು ಆಗುವುದಿಲ್ಲ ಕಾಣ್ತದೆ."

ಹಾಗಾದರೆ ಆ ಮೋಡದ ನಿಜವಾದ ಬಣ್ಣ ಯಾವುದು? ನನಗೆ ಇನ್ನೂ ಗೊಂದಲವಾಯಿತು.

"ಅದು ಇರಲಿ," ಎಂದರು ಉಸ್ತಾದರು. "ಗೆರೆ ಕಂಡಿರಾ, ಇಲ್ಲವಾ?"

"ಕಂಡೆ."

ಅವರು ಉಪವಾಸ ಸಾರಲು ಮಸೀದಿಯ ಮೈಕಿನ ಕಡೆ ಇಳಿದು ಹೋದರು. ಅಝೀಮ್ ಹತ್ತಿರ ಬಂದ. "ನನಗೆ ಕಾಣಲೇ ಇಲ್ಲ ಮಾಮ. ಎಲ್ಲಿ ಉಂಟು?"

ಬೆರಳು ತೋರಿಸಿದೆ. ಅಷ್ಟರಲ್ಲಿ ಅದು ಮುಳುಗಿತ್ತು. ಅವನು ಆ ಕಡೆಗೇ ತುಂಬ ಹೊತ್ತು ನೋಡಿದ; ಕಂಡಿತು ಎಂದು ಮಾತ್ರ ಹೇಳಲಿಲ್ಲ.