ಮೊಲದ ಸೊಂಟದ ಅಳತೆ

ನನ್ನ ದೊಡ್ಡಪ್ಪನ ಕಣ್ಣಿಗೆ ಬಿದ್ದ ಯಾವ ಜೀವಿಯೂ ಅಳತೆ ಕೊಡದೆ ಪಾರಾದದ್ದಿಲ್ಲ. ತಮ್ಮ ಹೊಲಿಗೆ ಅಂಗಡಿಯ ಹೊಸ್ತಿಲು ದಾಟಿದವರನ್ನು ಅವರು ಮೊದಲು ಭುಜದಿಂದ ಭುಜಕ್ಕೆ, ಆಮೇಲೆ ಎದೆಯ ಸುತ್ತ, ಕಟ್ಟಕಡೆಗೆ ಮುಖ ನೋಡಿ ಗುರುತಿಸುತ್ತಿದ್ದರು. ಮುಖ ಮರೆತರೂ ಕಾಲರಿನ ಅಳತೆ ಮರೆತವರಲ್ಲ. ಹಳದಿ ಟೇಪು ಅವರ ಕೊರಳಿಂದ ಇಳಿಯುತ್ತಿದ್ದುದು ಸ್ನಾನಕ್ಕೆ ಹೋಗುವಾಗ ಮಾತ್ರ. ವಿಮಾ ಕಚೇರಿಯೊಂದರಲ್ಲಿ ಕುರ್ಚಿ ಸವೆಸುವ ಕೆಲಸ ಸಿಕ್ಕಿ ನಾನು ಅವರ ಮಹಡಿಯ ಕೋಣೆಗೆ ಪೆಟ್ಟಿಗೆ ಸಮೇತ ಬಂದಿಳಿದ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮಗಾ, ಆ ಕುರ್ಚಿ ನಿಂಗೆ ಬಡ್ತಿ ಕೊಡುತ್ತೋ ಇಲ್ವೋ ಗೊತ್ತಿಲ್ಲ. ಸೊಂಟಕ್ಕೆ ಮಾತ್ರ ಧಾರಾಳವಾಗಿ ಕೊಟ್ಟಿದೆ."

ನಾನು ಉಸಿರು ಒಳಗೆಳೆದುಕೊಂಡೆ.

"ಬಿಡು, ಉಸಿರು ಬಿಡು. ಪ್ಯಾಂಟು ಉಸಿರು ಹಿಡ್ಕೊಂಡು ಹಾಕೋಕಲ್ಲ."

ಮೇಜು, ಯಂತ್ರಗಳ ನಡುವಿನ ಇಕ್ಕಟ್ಟಿನಲ್ಲೇ ಆಯುಷ್ಯ ಸವೆಸಿದ್ದರಿಂದ ಬಟ್ಟಬಯಲಿನಲ್ಲಿಯೂ ಅವರದು ಅಡ್ಡಡ್ಡ ನಡಿಗೆ, ಕಾಣದ ಮೇಜೊಂದಕ್ಕೆ ಮೊಣಕಾಲು ತಗುಲೀತೆಂಬ ಎಚ್ಚರಿಕೆಯ ನಡಿಗೆ. ಅವರು ತೊಡುತ್ತಿದ್ದ ತೋಳಿಲ್ಲದ ಕೋಟು ಗಿರಾಕಿಗಳು ಬಿಟ್ಟುಹೋದ ಚೂರುಗಳಿಂದ ಕೂಡಿ ಬಂದದ್ದು: ಬೆನ್ನಿಗೆ ಮೇಷ್ಟರೊಬ್ಬರ ಬೂದು ಬಣ್ಣ, ಎಡಜೇಬಿಗೆ ಯಾವನೋ ಮದುಮಗನ ಸೂಟು, ಬಲಜೇಬಿಗೆ ಪೋಲೀಸಿನವನ ಖಾಕಿ. "ಊರೆಲ್ಲ ನನ್ನ ಬೆನ್ನ ಮೇಲಿದೆ" ಎಂದು ತಾವೇ ನಗುತ್ತಿದ್ದರು. ಮಿಕ್ಕದ್ದನ್ನು ಯಾರಾದರೂ ಎಸೆದರೆ ಅವರಿಗೆ ಮೈ ಉರಿ. ಆದರೆ ಈಚೆಗೆ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸುವುದೇ ಒಂದು ಸಾಹಸವಾಗಿ, ಯಂತ್ರ ದಿನದ ಬಹುಪಾಲು ಮುಸುಕು ಹೊದ್ದು ಮಲಗಿರುತ್ತಿತ್ತು. ಅವರ ಕೈಗಳು ಮಾತ್ರ ಬರಿಯ ಮೇಜಿನ ಮೇಲೆ ಇಲ್ಲದ ಬಟ್ಟೆಯ ಸುಕ್ಕನ್ನು ತೀಡುತ್ತಲೇ ಇರುತ್ತಿದ್ದವು.

ಹಿತ್ತಲಿನ ಮೊಲದ ಗೂಡುಗಳು ದೊಡ್ಡಮ್ಮನ ಸಾಮ್ರಾಜ್ಯ. ಅಲ್ಲಿ ದೊಡ್ಡಪ್ಪನಿಗೆ ಪ್ರವೇಶವಿತ್ತು, ಅಧಿಕಾರವಿರಲಿಲ್ಲ. ಚೀಲದಲ್ಲಿ ಬರುವ ಗುಳಿಗೆಯಂಥ ಮೇವು ತಿಂದು ಮರಿಗಳು ದುಂಡಗಾಗುತ್ತಿದ್ದವು, ವ್ಯಾಪಾರಿ ಬಂದು ಒಯ್ಯುತ್ತಿದ್ದ, ಎಲ್ಲ ತಣ್ಣಗೆ ನಡೆದಿತ್ತು. ಒಂದು ದಿನ ಊರಂಚಿನ ಹೊಲದಲ್ಲಿ ಕಡಲೆಕಾಯಿ ಕಿತ್ತಾದ ಮೇಲೆ ಬಳ್ಳಿಯ ರಾಶಿಗೆ ಬೆಂಕಿಯಿಟ್ಟರು. ಹೊಗೆ ಅಂಗಡಿಗೆ ನುಗ್ಗಿ, ತೂಗುಹಾಕಿದ್ದ ಬಿಳಿ ಅಂಗಿಯೊಂದು ಮಸಿಯಾಯಿತು. ಕೆಂಡವಾಗಿ, ಅಡ್ಡಡ್ಡವಾಗಿ ಜಗಳಕ್ಕೆ ಹೊರಟ ದೊಡ್ಡಪ್ಪ ತಲೆಯ ಮೇಲೆ ಬಳ್ಳಿಯ ಹೊರೆ ಹೊತ್ತು ಮರಳಿದರು.

"ಕಾಯಿ ಕಿತ್ಕೊಂಡು ಮಿಕ್ಕಿದ್ದನ್ನ ಸುಡ್ತಾರಂತೆ! ಇಷ್ಟು ಚೆಂದದ ಬಳ್ಳಿ. ಇದನ್ನ ಮೊಲ ತಿನ್ನಲ್ವೇನೇ?"

"ತಿನ್ನುತ್ತೆ" ಎಂದರು ದೊಡ್ಡಮ್ಮ. "ಬಿಟ್ರೆ ನಿಮ್ಮ ಕೋಟನ್ನೂ ತಿನ್ನುತ್ತೆ. ತಿಂದಿದ್ದು ಮೈಗೆ ಹತ್ತಬೇಕಲ್ಲ?"

ಸಂಧಾನ ಊಟದ ಹೊತ್ತಿನವರೆಗೂ ನಡೆಯಿತು. ಆಗಷ್ಟೇ ತಾಯಿಯ ಹಾಲು ಬಿಟ್ಟ ಮರಿಗಳ ಒಂದು ಗೂಡು ದೊಡ್ಡಪ್ಪನ ಪಾಲಿಗೆ ಬಂತು.

"ಒಂದೇ ಒಂದು ಮರಿ ಹೋದ್ರೂ ಹಿತ್ತಲಿಗೆ ಕಾಲಿಡಬಾರದು."

"ಇಡಲ್ಲ."

"ಕಿಟಕಿಯಿಂದ ಸಲಹೇನೂ ಕೊಡಬಾರದು."

ಇದಕ್ಕೆ ಮಾತ್ರ ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ನಾನು ನಕ್ಕೆ, ಆದರೆ ಬರಿಯ ಮೇಜನ್ನು ತೀಡುವ ಆ ಕೈಗಳಿಗೆ ಹಿತ್ತಲೂ ಇಲ್ಲವೆಂದಾದರೆ ಉಳಿಯುವುದೇನು ಎಂಬುದು ಹೊಳೆದ ಮೇಲೆ ನಗು ಅರ್ಧಕ್ಕೇ ನಿಂತಿತು.

ಮಾರನೆಯ ದಿನವೇ ಗುಳಿಗೆ ಮೇವು ಪೂರ್ತಿ ಬಂದ್. ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ಬಳ್ಳಿ ಕತ್ತರಿಸಿದರು. ಕತ್ತರಿ ಮೊಂಡಾಯಿತು, ಉತ್ಸಾಹ ಮೊಂಡಾಗಲಿಲ್ಲ. ಬಟಾಣಿ ಸಿಪ್ಪೆ, ಹುರುಳಿಕಾಯಿ ಬಳ್ಳಿ, ಸಂತೆಯಲ್ಲಿ ಕಿತ್ತೆಸೆದ ಹೂಕೋಸಿನ ಎಲೆಗಳನ್ನೆಲ್ಲ ಹೊತ್ತು ತರುವ ಕೆಲಸ ನನ್ನದು. ಕಚೇರಿಯ ಚೀಲದಿಂದ ಎಲೆ ಇಣುಕುವುದನ್ನು ಕಂಡ ಮ್ಯಾನೇಜರು, ಕೊನೆಗೂ ನಾನು ನನಗೆ ತಕ್ಕ ವೃತ್ತಿ ಹಿಡಿದೆನೆಂದು ನೆಮ್ಮದಿಪಟ್ಟಂತೆ ಕಂಡಿತು. ದೊಡ್ಡಪ್ಪನೋ ತಕ್ಕಡಿಯ ಗೊಡವೆಗೇ ಹೋಗದೆ, ಮರಿಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟು, ಹೊಟ್ಟೆಯ ಸುತ್ತ ಟೇಪು ಹಿಡಿಯುತ್ತಿದ್ದರು. ಕೆಲವೇ ದಿನಕ್ಕೆ ಹಿತ್ತಲಿನಿಂದ ಜಯಘೋಷ ಕೇಳಿಸಿತು.

"ಸೊಂಟ ಏರಿದೆ ಕಣೇ! ಎಲ್ಲವಕ್ಕೂ ಏರಿದೆ! ಹೊಟ್ಟು ಹಾಕಿದ್ರೂ ಹೊಟ್ಟೆ ತುಂಬುತ್ತೆ ಅಂತ ಹೇಳಿರ್ಲಿಲ್ವಾ?"

ಕೈ ಒರೆಸಿಕೊಳ್ಳುತ್ತ ಬಂದ ದೊಡ್ಡಮ್ಮ, ಮೂಲೆಯಲ್ಲಿ ಮುದುಡಿ ಕುಳಿತಿದ್ದ ಮರಿಯೊಂದನ್ನು ಎತ್ತಿ, ಹೊಟ್ಟೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದರು. ಪುಟ್ಟ ಡೋಲಿನಂಥ ಸದ್ದು ಬಂತು.

"ಇದು ಬೆಳವಣಿಗೆ ಅಲ್ರೀ, ಹೊಟ್ಟೆ ಉಬ್ಬರ. ಇದ್ದಕ್ಕಿದ್ದಂಗೆ ಮೇವು ಬದಲಾಯಿಸಿ, ಮೇಲೆ ಹಸಿ ಎಲೆ ಬೇರೆ ತುರುಕಿದ್ದೀರಿ. ಮೊಲಕ್ಕೇನು ಪ್ಯಾಂಟು ಹೊಲೀಬೇಕಿತ್ತಾ, ಸೊಂಟ ಅಳೆಯೋಕೆ?"

ನಾನಾಗಿದ್ದರೆ ಹವೆಯನ್ನೋ ಟೇಪನ್ನೋ ದೂರುತ್ತಿದ್ದೆ. ತಿಳಿಯದ್ದಕ್ಕೆಲ್ಲ ತಿಳಿದವನಂತೆ ತಲೆಯಾಡಿಸಿಯೇ ಸಂಬಳ ಪಡೆಯುವವನು ನಾನು. ದೊಡ್ಡಪ್ಪನ ಮುಖ ಒಮ್ಮೆ ಬಿಳಿಚಿಕೊಂಡಿತು, ಅಷ್ಟೇ. "ಈಗೇನು ಮಾಡ್ಬೇಕು, ನೀನೇ ಹೇಳು" ಎಂದರು. ಅವರು ಯಾರನ್ನಾದರೂ ಹಾಗೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ದೊಡ್ಡಮ್ಮನಿಗೂ ಅದು ಮೊದಲ ಸಲವೇ ಇದ್ದಿರಬೇಕು, ಅವರ ದನಿ ತಟ್ಟನೆ ಇಳಿಯಿತು. ಹಸಿ ಎಲೆ ಹೊರಹೋಯಿತು. ಗೂಡಿನಲ್ಲಿ ಒಣ ಬಳ್ಳಿ ಮತ್ತು ನೀರು ಉಳಿದವು. ಎಲ್ಲಕ್ಕಿಂತ ಹೆಚ್ಚು ಉಬ್ಬಿದ್ದ ಮರಿಯನ್ನು ಮಡಿಲಲ್ಲಿಟ್ಟುಕೊಂಡು ದೊಡ್ಡಪ್ಪ ಅದರ ಹೊಟ್ಟೆಯನ್ನು ಎರಡೇ ಬೆರಳಲ್ಲಿ, ರೇಷ್ಮೆಗೆ ನೆರಿಗೆ ಕೂರಿಸುವಷ್ಟು ಹಗುರವಾಗಿ ನೀವುತ್ತ ಕುಳಿತರು. ಅನ್ನ ಆರಿತು, ಅವರು ಏಳಲಿಲ್ಲ. ಬಿಸಿಲು ಗೋಡೆಯ ಆಚೆಗೆ ಸರಿಯುವ ಹೊತ್ತಿಗೆ ಅಂಗಡಿಯಲ್ಲಿ ಕಾದಿದ್ದ ಗಿರಾಕಿ ಬೆಚ್ಚುವಂತೆ ಅವರು ಕೂಗಿದರು:

"ಬಾರೇ, ಬೇಗ ಬಾ! ಹಿಕ್ಕೆ ಹಾಕ್ತು!"

ಆ ಕಪ್ಪು ಗುಂಡುಗಳನ್ನು ಗಂಡಹೆಂಡಿರು ತಲೆಗೆ ತಲೆ ತಾಗಿಸಿ ನೋಡುತ್ತಿದ್ದ ಪರಿಯನ್ನು ಕಂಡಿದ್ದರೆ ಯಾರಾದರೂ ಮುತ್ತು ಚೆಲ್ಲಿದೆಯೆಂದುಕೊಳ್ಳುತ್ತಿದ್ದರು.

ಆಮೇಲೆ ಎಲ್ಲವೂ ನಿಧಾನ. ಬಳ್ಳಿ ಮುರಿದರೆ ಚಟ್ ಎನ್ನುವ ತನಕ ಒಣಗಬೇಕು; ಬೂಷ್ಟು ಹಿಡಿದದ್ದು ಆಚೆಗೆ; ಹಳೆಯ ಮೇವಿಗೆ ಮೊದಲು ಒಂದು ಹಿಡಿ, ಮರಿಗಳ ಹೊಟ್ಟೆ ಒಪ್ಪಿದರೆ ಇನ್ನೊಂದು ಹಿಡಿ, ಹೀಗೆ ಬಳ್ಳಿಯ ಪಾಲು ಅರ್ಧದವರೆಗೆ ಬಂದು ನಿಂತಿತು. "ಹೊಸ ಬಟ್ಟೆ ನೆನೆಸದೆ ಕತ್ತರಿಸಿದ್ರೆ ಅಂಗಿ ಕುಗ್ಗುತ್ತೆ ನೋಡು, ಇದೂ ಹಾಗೇ ಮಗಾ" ಎಂದು ನನಗೆ ಪಾಠ ಹೇಳುತ್ತಿದ್ದರು. "ನಾನು ಹೇಳಿದ್ದಕ್ಕೇ ಗುಂಡಿ ಹಚ್ಚಿ ಮಾರ್ತಾರೆ" ಎಂದು ಒಳಗಿನಿಂದ ದೊಡ್ಡಮ್ಮನ ದನಿ.

ವ್ಯಾಪಾರಿ ಬಂದ ದಿನ ದೊಡ್ಡಪ್ಪ ಅಡ್ಡಡ್ಡವಾಗಿ ಸರಿದು ಗೂಡಿಗೆ ದಾರಿ ಬಿಟ್ಟರು. ಆತ ಹೊಟ್ಟೆಯತ್ತ ನೋಡದೆ ಬೆನ್ನೆಲುಬಿನ ಇಕ್ಕೆಲವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದ, ಒಂದೊಂದು ಮರಿಯನ್ನೂ.

"ಚೀಲದ ಮೇವಿನವು ಒಂಚೂರು ಮುಂದಿವೆ ಅಮ್ಮಾ. ಇವು ಹಿಂದಿದ್ರೂ ಬೆನ್ನು ಗಟ್ಟಿಯಾಗಿದೆ. ಮುಂದಿನ ಸಲ ಬಂದಾಗ ಒಯ್ತೀನಿ."

ದೊಡ್ಡಮ್ಮ ಗೂಡಿನ ಬಾಗಿಲು ಹಾಕಿದರು. ಎಲ್ಲ ಮರಿಗಳೂ ಒಳಗಿದ್ದವು. "ನಾಳೆಯಿಂದ ಪಕ್ಕದ ಗೂಡೂ ನಿಮ್ದೇ. ನನ್ನ ಕೇಳದೆ ಏನೂ ಹಾಕ್ಬೇಡಿ."

"ಕೇಳದೆ ಹಾಕ್ತೀನಾ?" ಎಂದ ದೊಡ್ಡಪ್ಪನ ಮುಖದಲ್ಲಿ, ಮೊದಲ ತರಗತಿಗೆ ಸೇರಿಸಿಕೊಂಡ ಮಗುವಿನ ಗಾಂಭೀರ್ಯವಿತ್ತು.

ಒಂದು ವಿದ್ಯೆಯಲ್ಲಿ ಹಣ್ಣಾದವರು ಅದು ಕೈಬಿಟ್ಟಾಗ ಗತವೈಭವವನ್ನು ಬಿಚ್ಚಿ ಹರಡಿಕೊಂಡು ಕೂರುವುದೇ ಲೋಕರೂಢಿ. ಕೆಲವರು ಮಾತ್ರ ಎದ್ದು ಹೋಗಿ ಇನ್ನೊಂದು ವಿದ್ಯೆಯ ಬಾಗಿಲಲ್ಲಿ, ಬೈಸಿಕೊಳ್ಳಲು ಸಿದ್ಧರಾಗಿ, ಎಳೆಯ ಶಿಷ್ಯರಂತೆ ನಿಲ್ಲುತ್ತಾರೆ. ಗುರು ಸ್ವಂತ ಹೆಂಡತಿಯೇ ಆದರೂ ಅವರಿಗದು ಸಣ್ಣತನವೆನಿಸುವುದಿಲ್ಲ. ಇಂಥವರಿಗೆ ಪೂರ್ಣ ಗೆಲುವು ಬೇಕಿಲ್ಲ, ಬೆಳಿಗ್ಗೆ ಎದ್ದು ವಿಚಾರಿಸಿಕೊಳ್ಳಲು ಒಂದಷ್ಟು ಜೀವಗಳಿದ್ದರಾಯಿತು. ಮುಪ್ಪಿನಲ್ಲಿ ಹಸನ್ಮುಖಿಗಳಾದವರನ್ನು ಹತ್ತಿರದಿಂದ ನೋಡಿ: ಬಹುಮಟ್ಟಿಗೆ ಅವರು ಏನನ್ನೋ ಈಗಷ್ಟೇ ಕಲಿಯುತ್ತಿರುತ್ತಾರೆ.