ಮೇಷ್ಟ್ರ ಗೊರಕೆ

ಕತ್ತಿ ಗಂಟಲಿನ ಬಳಿ ಬರುವಷ್ಟರಲ್ಲಿ ಮೇಷ್ಟ್ರು ಗೊರಕೆ ಶುರುಮಾಡಿದ್ದರು. ಕೆನ್ನೆಗೆ ನೊರೆ ಬಿತ್ತೆಂದರೆ ಸಾಕು, ಆಸಾಮಿ ಕುರ್ಚಿಯಲ್ಲೇ ನಿದ್ದೆಗೆ ಜಾರುವವರು. ಕ್ಷೌರಿಕನಿಗೆ ಅದೇ ಹೆಮ್ಮೆ. ಎದುರಿನ ಹೊಸ ಸಲೂನಿನ ತಂಪುಗಾಳಿ, ದೊಡ್ಡ ಕನ್ನಡಿಗಳಿಗೆಲ್ಲ ಅವನ ಬಳಿಯಿದ್ದ ಉತ್ತರ ಆ ಗೊರಕೆಯೊಂದೇ.

ಇವತ್ತು ಅದನ್ನು ಕೇಳಿಯೇ ಅವನಿಗೆ ಹೆದರಿಕೆಯಾಗುತ್ತಿತ್ತು.

ಬಲಭುಜದಲ್ಲಿ ಶುರುವಾದ ನೋವು ಮೊಣಕೈಗಿಳಿದು ಈಗ ಹೆಬ್ಬೆರಳನ್ನೂ ಹಿಡಿದಿತ್ತು. ಹೇಳಿ ಕೇಳಿ ಬರುವ ನೋವಲ್ಲ. ಕರೆಂಟು ಹೊಡೆದಂತೆ ಬಂದು ಬೆರಳುಗಳನ್ನು ಮರಗಟ್ಟಿಸಿ ಹೋಗುತ್ತಿತ್ತು. ಮಗಳನ್ನು ಎತ್ತಿಕೊಳ್ಳುವುದನ್ನು ಬಿಟ್ಟಿದ್ದ. ಯಾರಾದರೂ ಕೈ ಕುಲುಕಿಯಾರೆಂದು ನೆಂಟರ ಮನೆಗೂ ಹೋಗುತ್ತಿರಲಿಲ್ಲ. ಮುಲಾಮಿನ ವಾಸನೆ ಗಿರಾಕಿಗಳ ಮೂಗಿಗೆ ಬಡಿಯದಿರಲೆಂದು ತೋಳಿಗೆಲ್ಲ ಪೌಡರ್ ಸುರಿದುಕೊಳ್ಳುತ್ತಿದ್ದ.

"ಡಾಕ್ಟ್ರಿಗೆ ತೋರಿಸ್ರೀ," ಎಂದು ಹೆಂಡತಿ ಬೆಳಿಗ್ಗೆಯೂ ಗೋಗರೆದಿದ್ದಳು.

"ತೋರಿಸಿದ್ರೆ ಏನಂತಾರೆ? ಕೈಗೆ ರೆಸ್ಟ್ ಕೊಡಿ ಅಂತಾರೆ. ಕೈಗೆ ರೆಸ್ಟ್ ಕೊಟ್ರೆ ಮನೇಲಿ ಎಲ್ಲರ ಬಾಯಿಗೂ ರೆಸ್ಟೇ."

ಅವಳು ನಗಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ನಗು ಬಂದಿರಲಿಲ್ಲ.

ಬಲಗೆನ್ನೆ ಮುಗಿಸಿ ಕತ್ತಿಯನ್ನು ಗಂಟಲಿಗೆ ತಂದ. ಕೆಲಸ ಮಾಡುತ್ತ ಊರ ಸುದ್ದಿಯೆಲ್ಲ ಹರಟುವ ಅವನ ಬಾಯಿ ತಟ್ಟನೆ ಕಟ್ಟಿತು.

"ಏನಯ್ಯಾ, ರೇಡಿಯೋ ನಿಂತೋಯ್ತು?" ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ಟೈಲರ್ ಪೇಪರಿನಿಂದ ತಲೆಯೆತ್ತಿದ.

ಅಷ್ಟರಲ್ಲಿ ನೋವು ಬಂತು. ಹೇಗೋ ಕೈಯನ್ನು ಆಚೆಗೆ ಎಳೆದುಕೊಂಡ. ಕತ್ತಿ ಜಾರಿ ನೆಲಕ್ಕೆ ಬಿದ್ದು ಠಣ್ ಎಂದಿತು. ಮೇಷ್ಟ್ರು ಗಡಬಡಿಸಿ ಎದ್ದು ಕತ್ತು ಮುಟ್ಟಿಕೊಂಡು ಬೆರಳು ನೋಡಿಕೊಂಡರು. ಬರೀ ನೊರೆ.

"ಸೋಪು... ಸೋಪು ಜಾರ್ತು ಮೇಷ್ಟ್ರೇ."

ಟೈಲರ್ ಪೇಪರ್ ಮಡಿಸಿಟ್ಟ. "ಅಂಗಡೀಲಿ ಯಾರೋ ಕಾಯ್ತಿರ್ತಾರೆ, ಆಮೇಲೆ ಬರ್ತೀನಿ," ಎಂದು ಮೆಟ್ಟಿಲಿಳಿದ. ಅವನ ಅಂಗಡಿ ಇದ್ದದ್ದು ಎಡಕ್ಕೆ. ಅವನು ನೆಟ್ಟಗೆ ರಸ್ತೆ ದಾಟಿ ಎದುರಿನ ಸಲೂನಿನ ಬಾಗಿಲು ತಳ್ಳಿದ.

ಕ್ಷೌರಿಕ ಕತ್ತಿಯನ್ನು ತೊಳೆದು ಹೊಸ ಬ್ಲೇಡು ಹಾಕಿದ. ಅಷ್ಟಕ್ಕೇ ಬಹಳ ಹೊತ್ತು ಹಿಡಿಯಿತು. ಮೇಷ್ಟ್ರ ಎಡಗೆನ್ನೆ ಇನ್ನೂ ಬಾಕಿಯಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಬಾಗಿದ.

"ಒರಗಿ ಮೇಷ್ಟ್ರೇ. ನಿದ್ದೆ ಮಾಡಿ."

ಮೇಷ್ಟ್ರು ಒಳ್ಳೆಯವರು, ಎದ್ದು ಹೋಗಲಿಲ್ಲ. "ಇವತ್ಯಾಕೋ ನಿದ್ದೆ ಬರ್ತಿಲ್ಲ ಕಣೋ," ಎಂದು ಮೆಲ್ಲಗೆ ಒರಗಿದರು. ಕನ್ನಡಿಯಲ್ಲಿ ಅವರ ಕಣ್ಣುಗಳು ಅಗಲವಾಗಿ ತೆರೆದು ಕತ್ತಿಯನ್ನೇ ನೋಡುತ್ತಿದ್ದವು.