ಬರಲಿರುವ ಪೆಟ್ಟಿಗೆಯ ಅಳತೆ

ಆ ಬಡಗಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಆದರೆ ಬೀದಿಯಲ್ಲಿ ಅದರಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ‘ಬರುತ್ತಂತೆ ಮೇಸ್ತ್ರಿ’. ಅವನು ಕೆಲಸಗಳ್ಳ ಅಂತ ನೀವು ತಿಳ್ಕೊಂಡೀರಿ ಮತ್ತೆ. ಅವನು ಕೂಡಿಸಿದ ಬಾಗಿಲ ಸಂದಿಯಲ್ಲಿ ಕಾಗದ ತೂರುತ್ತಿರಲಿಲ್ಲ. ಅಳತೆಯಲ್ಲಿ ಅರ್ಧ ನೂಲು ಹೆಚ್ಚುಕಮ್ಮಿಯಾದರೂ ಆ ದಿನ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಇಂಥ ಮನುಷ್ಯ ಸ್ವಂತ ಮನೆಯಲ್ಲಿ ಮಾತ್ರ, ಹುಟ್ಟದೇ ಇರುವ ಒಂದು ವಸ್ತುವಿಗೆ ಗೂಡು ಕಟ್ಟಿ ಕೂತಿದ್ದ.

ಇದಕ್ಕೆಲ್ಲ ಮೂಲ ಅವನ ಹೆಂಡತಿಯ ತಮ್ಮ. ಆ ಪುಣ್ಯಾತ್ಮ ಟೀವಿ, ಫ್ರಿಜ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹೋದ ವರ್ಷ ಒಂದು ದಿನ ಬಂದು, ಭಾವ, ಇನ್ನು ಟೀವಿಗಳ ಕಾಲ ಮುಗೀತು ಅಂದ. ಕಂಪ್ಯೂಟರು, ಟೀವಿ, ಹಾಡಿನ ಯಂತ್ರ, ಫೋಟೋ ಆಲ್ಬಮ್ಮು ಎಲ್ಲಾ ಸೇರಿ ಒಂದೇ ಪೆಟ್ಟಿಗೆ ಬರುತ್ತಂತೆ. ವೈರು ಬೇಡವಂತೆ, ರಿಮೋಟು ಬೇಡವಂತೆ. ಓಡುವ ಚಿತ್ರವನ್ನು ನಿಲ್ಲಿಸಿ, ಹಿಂದೆ ಕರೆದು, ಮತ್ತೆ ನೋಡಬಹುದಂತೆ. ಬಾಯಲ್ಲಿ ಹೇಳಿದರೆ ಸಾಕು, ಹೇಳಿದ ಹಾಗೆ ಕೇಳುತ್ತಂತೆ. ಇಷ್ಟು ಕೇಳಿ ಅಡುಗೆಮನೆಯಿಂದ ಮೇಸ್ತ್ರಿಯ ಹೆಂಡತಿ, ಹೇಳಿದ ಮಾತು ಕೇಳೋದು ಒಂದಾದರೂ ಈ ಮನೆಗೆ ಬರಲಿ ಅಂದಳು. ಮೇಸ್ತ್ರಿಗೆ ಅದು ಕೇಳಿಸಲಿಲ್ಲ. ಅವನ ಕೈ ಆಗಲೇ ಅಳತೆಯ ಟೇಪಿಗೆ ಹೋಗಿತ್ತು.

ಎಷ್ಟು ಅಗಲ, ಎಷ್ಟು ಎತ್ತರ ಅಂತ ಕೇಳಿದ. ಭಾವಮೈದನಿಗೇನು, ಯಾರೋ ಹೇಳಿದ್ದನ್ನು ಇನ್ಯಾರೋ ಹೇಳಿದ್ದರು, ಅದನ್ನೇ ಒಪ್ಪಿಸಿದ. ಮೇಸ್ತ್ರಿ ಹತ್ತು ವರ್ಷದಿಂದ ಜೋಪಾನ ಮಾಡಿದ್ದ ತೇಗದ ಹಲಗೆಗಳನ್ನು ಅಟ್ಟದಿಂದ ಇಳಿಸಿದ. ಹಜಾರದ ಒಂದು ಗೋಡೆಯನ್ನು ಪೂರ್ತಿ ತುಂಬುವ ಕಪಾಟು ಎದ್ದಿತು, ನಡುವೆ ಅಗಲವಾಗಿ, ತಗ್ಗಾಗಿ ಪೆಟ್ಟಿಗೆಯ ಗೂಡು. ಅದರ ಮುಂದಿನ ಕೆಳಪಟ್ಟಿಯಲ್ಲಿ ಬಳ್ಳಿ ಕೆತ್ತೋದಕ್ಕೇ ಮೂರು ವಾರ ಹಿಡಿಯಿತು. ವೈರು ಬೇಡದ ಯಂತ್ರ ತಾನೇ, ಕೇಬಲ್ಲನ್ನು ಒಂದು ಗೇಣು ಉಳಿಸಿ ಕತ್ತರಿಸಿ ಗೂಡಿನ ಒಳಗೇ ಮೊಳೆ ಹೊಡೆದ. ಹಳೇ ಡಬ್ಬಾ ಟೀವಿಯನ್ನು ಮೂಲೆಯ ಕ್ಷೌರದಂಗಡಿಗೆ ದಾನ ಮಾಡಿಬಿಟ್ಟ.

ಪೆಟ್ಟಿಗೆ ಬರಲಿಲ್ಲ, ಸುದ್ದಿ ಮಾತ್ರ ಬರುತ್ತಲೇ ಇತ್ತು. ಇನ್ನೂ ತೆಳ್ಳಗಂತೆ ಅಂದಾಗ ಮೇಸ್ತ್ರಿ ಗೂಡನ್ನು ತಗ್ಗಿಸಿದ. ಬದಿಯಲ್ಲಿ ಬೇರೆ ಸ್ಪೀಕರು ಇರುತ್ತವಂತೆ ಅಂದಾಗ ಅಗಲಿಸಿದ. ದುಂಡಗಿರುತ್ತಂತೆ ಅಂತ ಒಂದು ವಾರ ಗಾಳಿಸುದ್ದಿ ಹಬ್ಬಿದಾಗ ಪಾಪ, ಮನುಷ್ಯನಿಗೆ ನಿದ್ದೆಯೇ ಬರಲಿಲ್ಲ. ಹನ್ನೊಂದು ತಿಂಗಳು ಕಳೆಯಿತು. ಬೀದಿಯವರು ಊಟ ಆಯ್ತಾ ಅಂತ ಕೇಳುವುದು ಬಿಟ್ಟು ಬಂತಾ ಅಂತ ಕೇಳತೊಡಗಿದರು.

ಹೆಂಡತಿ ಹೊಲಿಗೆಯವಳು. ಅವಳು ದುಡಿಯುವ ಬಟ್ಟೆ ಕಾರ್ಖಾನೆಗೆ ಒಂದು ರಾಜರಾಣಿಯರ ಧಾರಾವಾಹಿಯ ಬಟ್ಟೆಯ ಕೆಲಸ ಸಿಕ್ಕಿತ್ತು. ರಾಣಿಯ ನಿಲುವಂಗಿ, ಅದರ ಕತ್ತಿನ ಸುತ್ತ ಕಸೂತಿ, ಅಷ್ಟೂ ಇವಳ ಕೈಯದು. ಭಾನುವಾರ ಸಂಜೆ ಏಳಕ್ಕೆ ಕೊನೆಯ ಕಂತು, ಅದರಲ್ಲಿ ಹೊಲಿದವರ ಹೆಸರೂ ಬರುತ್ತದೆ ಅಂತ ಮ್ಯಾನೇಜರು ತಿಳಿಸಿದ್ದರು. ಮೂವತ್ತು ವರ್ಷ ಊರವರ ಬಟ್ಟೆ ಹೊಲಿದಿದ್ದಳು. ಕಾಲರಿನ ಒಳಗೆ ಯಾವತ್ತೂ ಅಂಗಡಿಯ ಹೆಸರೇ ಇರುತ್ತಿತ್ತು. ಈ ಸಲ ತನ್ನದು ಬರುತ್ತದೆ ಅಂದಾಗ ಅವಳಿಗೆ ಹಿಡಿಸಲಾರದಷ್ಟು ಖುಷಿಯಾಗಿತ್ತು.

ತನಗೆ ಸೂಜಿ ಹಿಡಿಯಲು ಕಲಿಸಿದ ಅಮ್ಮನನ್ನು ಅವಳು ಕರೆಸಿದ್ದಳು. ಅಮ್ಮನಿಗೆ ಕಣ್ಣು ಮಂಜು, ಓದು ಅಷ್ಟಕ್ಕಷ್ಟೆ. ಕ್ಷೌರದಂಗಡಿಯಲ್ಲಿ ನಿಂತು ನೋಡಿ ಬರೋಣವೇ ಅಂತ ಮೇಸ್ತ್ರಿ ಬಾಯಿಬಿಟ್ಟ. ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಲಿಲ್ಲ.

“ನನ್ನ ಹೆಸರನ್ನ ನನ್ನ ಮನೇಲಿ ಕೂತು ನೋಡ್ಬೇಕು ರೀ, ಅಮ್ಮನ ಪಕ್ಕದಲ್ಲಿ. ಬೇರೇನೂ ಕೇಳಲ್ಲ.”

ಮೇಸ್ತ್ರಿ ಎದೆ ತಟ್ಟಿಕೊಂಡ. ಶುಕ್ರವಾರಕ್ಕೆ ಪೆಟ್ಟಿಗೆ ಖಂಡಿತ ಬರುತ್ತಂತೆ, ನಿನ್ನ ಹೆಸರನ್ನು ಪರದೆಯ ಮೇಲೆ ನಿಲ್ಲಿಸಿ, ಅತ್ತೆ ಸಾಕು ಅನ್ನುವವರೆಗೂ ತೋರಿಸುತ್ತೇನೆ ಅಂದ. ಅವನು ಸುಳ್ಳು ಹೇಳಲಿಲ್ಲ ನೋಡಿ, ಅದೇ ಕಷ್ಟ. ಅವನು ನಿಜವಾಗಿಯೂ ನಂಬಿದ್ದ.

ಶುಕ್ರವಾರ ಪೆಟ್ಟಿಗೆಯ ಬದಲು ಭಾವಮೈದನ ಫೋನು ಬಂತು. ಮುಂದಕ್ಕೆ ಹೋಗಿದೆಯಂತೆ. ಮೇಸ್ತ್ರಿಯ ಮುಖ ಸಪ್ಪಗಾಯಿತು. ಹೆಂಡತಿ ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಚೆನ್ನಾಗಿತ್ತು ಅಂತ ಅವನಿಗೆ ಅನ್ನಿಸಿತು.

“ಕುಲಾವಿ ಹೊಲಿಯೋದು ನನ್ನ ಕಸುಬು,” ಅಂದಳು. “ಆದ್ರೆ ಕೂಸು ಹುಟ್ಟೋಕೆ ಮುಂಚೆ ಹೊಲಿದವರು ನೀವು. ನಾನು ಎದುರಿಗೆ ನಿಂತವರ ಮೈ ಅಳೀತೀನಿ, ಬರಲಿರೋ ಗಿರಾಕೀದಲ್ಲ.”

ಭಾನುವಾರ ಬೆಳಿಗ್ಗೆ ಮೇಸ್ತ್ರಿ ನಾಚಿಕೆಯನ್ನು ಜೇಬಿಗೆ ಹಾಕಿಕೊಂಡು ಕ್ಷೌರದಂಗಡಿಗೆ ನಡೆದ. ಅಂಗಡಿ ತುಂಬ ಜನ, ಮುಖಕ್ಕೆ ನೊರೆ ಹಚ್ಚಿಕೊಂಡೇ ಮ್ಯಾಚು ನೋಡುತ್ತಿದ್ದರು. ಕೊಟ್ಟ ಟೀವಿಯನ್ನು ಒಂದು ಸಂಜೆಯ ಮಟ್ಟಿಗೆ ವಾಪಸ್ಸು ಕೇಳುವುದೆಂದರೆ ಮೂಗು ಕೊಯ್ಯಿಸಿಕೊಂಡ ಹಾಗೆಯೇ, ಅದೂ ಕೈಯಲ್ಲಿ ಕತ್ತಿ ಹಿಡಿದವನ ಎದುರು. ಕ್ಷೌರಿಕ ಒಳ್ಳೆಯವನು, ಆದರೆ ಇಂಥ ಅವಕಾಶ ಬಿಟ್ಟುಕೊಡುವಷ್ಟು ಒಳ್ಳೆಯವನಲ್ಲ. ಏನು ಮೇಸ್ತ್ರಿ, ಹಳೇದೂ ಬರುತ್ತಂತಾ ಅಂತ ಕೇಳಿದ. ಇಡೀ ಅಂಗಡಿ ನೊರೆ ಹಾರುವ ಹಾಗೆ ನಕ್ಕಿತು. ಕೊನೆಗೆ ಮ್ಯಾಚು ಮುಗಿದು, ಅಂಗಡಿ ಮುಚ್ಚಿದ ಮೇಲೆ ಒಯ್ಯಬಹುದು ಅಂತಾಯಿತು. ಸಂಜೆ ಆರಕ್ಕೆ ಇಬ್ಬರೂ ಏದುಸಿರು ಬಿಡುತ್ತಾ ಅದನ್ನು ಹೊತ್ತು ತಂದರು.

ಕೇಬಲ್ಲು ಒಂದೇ ಗೇಣು ಇದ್ದದ್ದರಿಂದ ಟೀವಿಯನ್ನು ಮೇಜಿನ ಮೇಲೆ ಇಡುವ ಹಾಗಿರಲಿಲ್ಲ, ಗೂಡಿಗೇ ಹೋಗಬೇಕು. ಗೂಡು ತಗ್ಗು, ಡಬ್ಬಾ ಟೀವಿ ಎತ್ತರ. ಗೂಡಿನ ತಳದ ಹಲಗೆ ಕಳಚಿ ಒಂದು ಮೆಟ್ಟಿಲು ಕೆಳಗಿಳಿಸಿ ಕೂರಿಸಿದಾಗ ಟೀವಿ ಹಿಡಿಸಿತು, ಚಿತ್ರವೂ ಬಂತು. ಆದರೆ ಬಳ್ಳಿ ಕೆತ್ತಿದ ಪಟ್ಟಿ ಪರದೆಯ ಕೆಳಗಿನ ನಾಲ್ಕು ಬೆರಳನ್ನು ಮುಚ್ಚಿಬಿಟ್ಟಿತು. ಮುಗಿದ ಮ್ಯಾಚನ್ನೇ ಮತ್ತೆ ತೋರಿಸುತ್ತಿದ್ದರು, ಆಟಗಾರರೆಲ್ಲ ಕಾಲಿಲ್ಲದೆ ಓಡುತ್ತಿದ್ದರು. ಮುಖ ಕಾಣುತ್ತಲ್ಲ, ಸಾಕು ಬಿಡು ಅಂದ ಕ್ಷೌರಿಕ, ಮುಖದ ಕಸುಬಿನವನು. ಬೆನ್ನು ತಿಕ್ಕಿಕೊಳ್ಳುತ್ತಾ ಮನೆಗೆ ಹೋದ.

ಅತ್ತೆ ಬಂದು ಕುರ್ಚಿಯಲ್ಲಿ ಕೂತಾಗಿತ್ತು. ಹೆಂಡತಿ ಒಳ್ಳೆಯ ಬಟ್ಟೆ ಉಟ್ಟು ಪಕ್ಕದಲ್ಲಿ ಕೂತಳು. ಧಾರಾವಾಹಿ ಶುರುವಾಗಲು ಐದು ನಿಮಿಷ ಇತ್ತು. ಅವಳು ಪರದೆ ನೋಡಿದಳು, ಪಟ್ಟಿ ನೋಡಿದಳು.

“ಹೆಸರುಗಳು ಕೆಳಗಡೆ ಸಾಲಿನಲ್ಲೇ ಓಡೋದು,” ಅಂದಳು ಮೆಲ್ಲಗೆ. “ಇರಲಿ ಬಿಡಿ. ಬಂತು ಅಂತ ಅಂದ್ಕೊಂಡ್ರಾಯ್ತು.”

ಬಂತು ಅಂತ ಅಂದುಕೊಳ್ಳುವುದು! ಹನ್ನೊಂದು ತಿಂಗಳು ಅವನು ಮಾಡಿದ್ದೂ ಅದನ್ನೇ. ಬೀದಿಯ ನಗೆ, ಕ್ಷೌರದಂಗಡಿಯ ನೊರೆ, ಯಾವುದೂ ಚುಚ್ಚದ ಜಾಗಕ್ಕೆ ಆ ಮಾತು ಹೋಗಿ ಚುಚ್ಚಿತು. ಅವನು ಎದ್ದು ಹೋಗಿ ಗರಗಸ ತಂದ.

ಬೇಡ ರೀ, ಮೂರು ವಾರದ ಕೆಲಸ ಅಂತ ಅವಳು ಅಂದದ್ದು ಮರ ಸೀಳುವ ಸದ್ದಿನಲ್ಲಿ ಮುಳುಗಿತು. ಟೇಪು ಹಿಡಿಯಲಿಲ್ಲ, ಪೆನ್ಸಿಲ್ ಗೆರೆ ಎಳೆಯಲಿಲ್ಲ, ಬದುಕಿನಲ್ಲೇ ಮೊದಲ ಸಲ ಕಣ್ಣಂದಾಜಿನಲ್ಲಿ ಕೊಯ್ದ. ಬಳ್ಳಿಯ ಎಲೆ, ಮೊಗ್ಗು, ಹೊಟ್ಟು ಎಲ್ಲ ಅತ್ತೆಯ ಪಾದದ ಮೇಲೆ ಉದುರಿತು. ಅತ್ತೆ ಕಾಲು ಎತ್ತಿಕೊಂಡು, ಅಳಿಯಂದಿರು ಹೊಸದೇನೋ ಮಾಡುತ್ತಿದ್ದಾರೆ ಅಂತ ಗೌರವದಿಂದ ಸುಮ್ಮನೆ ಕೂತರು. ಕೊಯ್ತ ಸೊಟ್ಟಗಾಯಿತು. ಪರದೆಯ ತಳ ಪೂರ್ತಿ ಕಂಡಿತು.

ಕಂತಿನ ಕೊನೆಯಲ್ಲಿ ರಾಣಿ ಸಿಂಹಾಸನದ ಕಡೆ ನಡೆಯುತ್ತಿದ್ದಾಗ ಹೆಸರುಗಳು ಬಲದಿಂದ ಎಡಕ್ಕೆ ಓಡತೊಡಗಿದವು. ಅದೇನು ಓಟ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದ ಹಾಗೆ. ಯಾವುದು, ಎಲ್ಲೇ ಅಂತ ಅತ್ತೆ ಕಣ್ಣು ಕಿರಿದು ಮಾಡಿ ಮಗಳ ಕೈ ಹಿಡಿದರು. ಆಗ ಮೇಸ್ತ್ರಿ ಪರದೆಯ ಮುಂದೆ ಮಂಡಿಯೂರಿದ. ಹೆಂಡತಿಯ ಹೆಸರು ಇನಿಷಿಯಲ್ ಸಮೇತ ಬಲತುದಿಯಲ್ಲಿ ಇಣುಕಿದ್ದೇ ತಡ, ಅದರ ಕೆಳಗೆ ಬೆರಳಿಟ್ಟ. ಗಾಜು ಬೆರಳಿಗೆ ಜುಮ್ಮೆಂದಿತು. ಹೆಸರು ಓಡಿದ ಹಾಗೆ ಬೆರಳೂ ಓಡಿತು.

“ಇದು ಅತ್ತೆ, ಇದು. ಇದೇ ನಿಮ್ಮ ಮಗಳು. ಇನ್ನೂ ಇದೆ, ನೋಡಿ, ಇನ್ನೂ ಇದೆ.”

ಎಡತುದಿ ಮುಟ್ಟುವವರೆಗೂ ಬೆರಳು ತೆಗೆಯಲಿಲ್ಲ. ಹಿಂದಿನಿಂದ ಬರುತ್ತಿದ್ದ ಗುಂಡಿ ಹೊಲಿದವಳ ಹೆಸರು ಅವನ ದಪ್ಪ ಅಂಗೈ ಹಿಂದೆ ಸಿಕ್ಕಿ ಯಾರಿಗೂ ಕಾಣದೇ ಹೋಯಿತು, ಪಾಪ. ಅತ್ತೆ ಬೆರಳನ್ನು ಕಂಡರು, ಬೆರಳಿನ ಮೇಲೆ ಬೆಳ್ಳಗೆ ಓಡಿದ್ದನ್ನು ಕಂಡರು. ಉದ್ದ ಇದೆ ಕಣೇ ನಿನ್ನ ಹೆಸರು ಅಂದರು. ಹೆಂಡತಿ ಅಳುತ್ತಾ ನಗುತ್ತಾ ಗಂಡನ ಕಡೆ ತಿರುಗಿದಳು. ನಿಮ್ಮ ಪೆಟ್ಟಿಗೆ ಬಂದಿದ್ದರೆ ಇನ್ನೊಂದು ಸಲ ನೋಡಬಹುದಿತ್ತು ಅಂದಳು. ಆ ಮಾತಿನಲ್ಲಿ ಕುಚೋದ್ಯ ಎಷ್ಟು, ಕರುಣೆ ಎಷ್ಟು ಅಂತ ಅಳೆಯಲು ಮೇಸ್ತ್ರಿಯ ಹತ್ತಿರ ಟೇಪು ಇರಲಿಲ್ಲ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಭಾವಮೈದ ಅಂಗಡಿಯಲ್ಲೇ ಅಕ್ಕನ ಹೆಸರು ನೋಡಿದ್ದ, ಇಪ್ಪತ್ತು ಟೀವಿಗಳಲ್ಲಿ ಒಟ್ಟಿಗೆ. ಅದನ್ನು ಹೇಳಿ ಮುಗಿಸಿದವನೇ ದನಿ ತಗ್ಗಿಸಿ ಇನ್ನೇನೋ ಹೇಳತೊಡಗಿದ. ಮೇಸ್ತ್ರಿ ಹ್ಞೂಂ, ಹ್ಞೂಂ ಅನ್ನುತ್ತಾ ಕೇಳಿದ.

“ಏನಂತೆ?” ಅಂದಳು ಹೆಂಡತಿ.

“ಮುಂದಿನ ತಿಂಗಳು ಬರುತ್ತಂತೆ. ಅಳತೆ ಬರ್ಕೋ ಭಾವ ಅಂತಿದ್ದಾನೆ.”

“ಬರ್ಕೊಳ್ಳಿ ಮತ್ತೆ.”

ಅವನು ಸೊಟ್ಟ ಕೊಯ್ದ ಪಟ್ಟಿಯ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಫೋನಿನಲ್ಲಿ, ಬರಲಿ ಬಿಡಪ್ಪ, ಬಂದ ಮೇಲೆ ಅಳೀತೀನಿ ಅಂತ ಹೇಳಿ, ಅತ್ತೆಯ ಪಾದದ ಮೇಲಿನ ಹೊಟ್ಟು ಗುಡಿಸಲು ಪೊರಕೆ ಹುಡುಕಿಕೊಂಡು ಹೋದ.